ಸುದ್ದಿಗೆ ಅಂಕಿತ



ಇಂದು ನಾವು ಬೇರೊಂದು ವಿಷಯ ಹೇಳಬೇಕೆಂದು ಹೊರಟವರು. ಚಿಕ್ಕರಸಿನಕೆರೆಗೆ ಬರುವ ದಾರಿಯಲ್ಲಿ ವೃದ್ಧ ರೈತರೊಬ್ಬರು ಗಾಡಿ ನಿಲ್ಲಿಸಿದರು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಅವರ ಗದ್ದೆ. ಕಟ್ಟು ನೀರು ಬಿಡುವ ದಿನ ಹಿಂದು ಮುಂದಾದುದು ಊರವರಿಗೆಲ್ಲ ಫೋನಿನಲ್ಲಿ ತಿಳಿಯಿತಂತೆ. ಇವರಲ್ಲಿ ಅಂಥ ಫೋನಿಲ್ಲ. ನೀರು ಬಂತು, ಹೋಯಿತು, ಒಟ್ಲು ಒಣಗಿತು. "ಹಿಂದೆ ತಮಟೆ ಹೊಡೆದು ಸಾರೋರು ಬುದ್ಧಿ, ಕಣ್ಣು ಕಾಣದೋನಿಗೂ ಗೊತ್ತಾಗ್ತಿತ್ತು" ಎಂದರು. ಆ ಮಾತು ನಮ್ಮನ್ನು ಬಿಡಲಿಲ್ಲ. ಆದುದರಿಂದ ಅದನ್ನೇ ತಮ್ಮ ಮುಂದಿಡುತ್ತಿದ್ದೇವೆ.

ಡಂಗುರಕ್ಕೆ ಅಕ್ಷರ ಬೇಡ, ಕಾಸು ಬೇಡ. ತಿಳಿಯದಿದ್ದರೆ ಸಾರಿದವನನ್ನೇ ನಿಲ್ಲಿಸಿ ಕೇಳಬಹುದು. ಆದರೆ ಅದರ ಶಕ್ತಿ ಊರ ಗಡಿಯವರೆಗೆ, ಅದರ ಸುದ್ದಿ ಎರಡು ಮಾತಿನಷ್ಟು. ಇನ್ನೊಂದನ್ನೂ ಮರೆಯಬಾರದು: ಸಾರುವ ಕೆಲಸವನ್ನು ಒಂದು ಕೇರಿಯವರ ತಲೆಗೇ ಕಟ್ಟಿ, ಅವರನ್ನು ಹೊಸಿಲಿನಾಚೆಗೇ ನಿಲ್ಲಿಸಿದ ಸಮಾಜ ನಮ್ಮದು. ಆ ಪದ್ಧತಿ ಮರಳಿ ಬರಲೆಂದು ನಾವು ಹೇಳುತ್ತಿಲ್ಲ.

ನಮ್ಮ ಸೀಮೆಯ ನೀಲಗಾರರನ್ನು ನೋಡಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಆತನ ಕಥೆಯನ್ನು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುತ್ತಾರೆ. ಕೇಳುವವರು ತೂಕಡಿಸಿದರೆ ಹಾಡು ಚುರುಕಾಗುತ್ತದೆ. ತಾಯಂದಿರು ಕಣ್ಣೊರೆಸಿಕೊಂಡರೆ ಅಲ್ಲಿಯೇ ನಿಲ್ಲುತ್ತದೆ. ಈ ಜೀವ ಯಾವ ಪುಸ್ತಕಕ್ಕಿದೆ? ಆದರೆ ಹಾಡುವವರಿಗೆ ಶಿಷ್ಯರಿಲ್ಲದಿದ್ದರೆ ಅವರ ಉಸಿರಿನೊಡನೆ ಕಥೆಯೂ ಹೋಯಿತು. ವಿದ್ವಾಂಸರು ಈ ಕಾವ್ಯಗಳನ್ನು ಅಚ್ಚಿಗೆ ತಂದು ಉಪಕಾರ ಮಾಡಿದ್ದಾರೆ. ಅಲ್ಲಿ ತಂಬೂರಿ ಕೇಳುವುದಿಲ್ಲ, ನಿಜ. ಕಥೆ ಉಳಿದಿದೆ.

ಶರಣರ ವಚನಗಳು ತಾಳೆಗರಿಯಲ್ಲಿ ನಮಗೆ ಬಂದುವು. ಕಂಠದಿಂದ ಕೊರೆದು, ಮಸಿ ತೀಡಿ, ರಂಧ್ರಕ್ಕೆ ದಾರ ಪೋಣಿಸಿ ಕಟ್ಟಿಟ್ಟ ಕಟ್ಟುಗಳು. ಹುಳು ಹಿಡಿಯುವ ಮುಂಚೆ ಮತ್ತೊಬ್ಬರು ಪ್ರತಿ ಮಾಡಬೇಕು. ಪ್ರತಿ ಮಾಡುವಾಗ ಕೈ ತಪ್ಪಬಹುದು. ಎಷ್ಟೋ ಮನೆಗಳಲ್ಲಿ ಕಟ್ಟಿಗೆ ವಿಭೂತಿ ಹಚ್ಚಿ ಜಗಲಿಯ ಮೇಲಿಟ್ಟು ಪೂಜಿಸಿದರು, ಓದಲಿಲ್ಲ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತಿರುಗಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಜಗಲಿಯ ಮೇಲಿದ್ದುದು ಓದಬಲ್ಲವರೆಲ್ಲರ ಕೈಗೆ ಬಂತು.

ಅಚ್ಚಿಗೂ ಒಂದು ದೋಷವಿದೆ, ಅದನ್ನು ನಾವು ಸ್ವತಃ ಅನುಭವಿಸಿದ್ದೇವೆ. ಒಮ್ಮೆ ಜಾತ್ರೆಯ ಆಹ್ವಾನ ಪತ್ರಿಕೆಯಲ್ಲಿ ತಾರೀಕು ತಪ್ಪಾಯಿತು. ಕರಡು ನೋಡಿದವರು ನಾವೇ! ಬಾಯಿ ತಪ್ಪಿದ್ದರೆ ಆ ಕ್ಷಣವೇ ತಿದ್ದಿಕೊಳ್ಳುತ್ತಿದ್ದೆವು. ಸಾವಿರ ಪ್ರತಿಯಲ್ಲಿ ಒಂದೇ ತಪ್ಪು ಸಾವಿರ ಮನೆ ಸೇರಿತ್ತು. ಕೊನೆಗೆ ಮಠದ ಹುಡುಗರು ಸೈಕಲ್ಲಿನಲ್ಲಿ ಊರೂರಿಗೆ ಹೋಗಿ ಬಾಯಲ್ಲೇ ಹೇಳಿ ಬಂದರು.

ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ಅಲ್ಲಿಯದು. ಓದು ಬಾರದವರೂ ಕಳೆ ಕೀಳುತ್ತಲೇ ರೇಡಿಯೋ ಕೇಳಬಹುದು. ಆದರೆ 'ಏನಂದಿರಿ ಸ್ವಾಮಿ?' ಎಂದು ಅದನ್ನು ಕೇಳಲಾಗದು.

ಈಗಿನ ಫೋನಿಗೆ ಇವೆಲ್ಲವೂ ಸಾಧ್ಯ. ಅಕ್ಷರ, ದನಿ, ಚಿತ್ರ ಎಲ್ಲವನ್ನೂ ಗಳಿಗೆಯಲ್ಲಿ ಮುಟ್ಟಿಸುತ್ತದೆ, ತಿರುಗಿ ಕೇಳಲೂಬಹುದು. ಅದನ್ನು ಹಳಿಯುವವರು ನಾವಲ್ಲ, ಮಠದಲ್ಲೂ ಇದೆ. ಆದರೆ ಒಂದು ಮಾತು. ವಚನದ ಕೊನೆಯಲ್ಲಿ ಅಂಕಿತವಿರುತ್ತದೆ. ಎಷ್ಟು ಕೈ ದಾಟಿ ಬಂದರೂ ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು ಎಂದು ಗುರುತಿಸುತ್ತೇವೆ. ಆಡಿದ ಮಾತಿಗೆ ಆಡಿದವರು ಹೊಣೆ. ಫೋನಿನಲ್ಲಿ ಕೈಯಿಂದ ಕೈಗೆ ದಾಟುವ ಸುದ್ದಿಗೆ ಅನೇಕ ವೇಳೆ ಅಂಕಿತವೇ ಇಲ್ಲ. ಕಳುಹಿಸಿದವರನ್ನು ಕೇಳಿದರೆ 'ನನಗೂ ಯಾರೋ ಕಳಿಸಿದರು' ಎನ್ನುತ್ತಾರೆ. ನಾಲೆಯ ನೀರಿನ ಸುದ್ದಿಯೂ ಹಾಗೆಯೇ ಬಂದುದರಿಂದ, ನಂಬಬೇಕೋ ಬಿಡಬೇಕೋ ತಿಳಿಯದೆ ನೆರೆಮನೆಯವರು ಆ ಹಿರಿಯರಿಗೆ ಹೇಳಲಿಲ್ಲವಂತೆ.

ಇಲ್ಲಿರುವ ಯುವಕರಲ್ಲಿ ನಮ್ಮದೊಂದು ಕೋರಿಕೆ. ನೀರಿನ ಸುದ್ದಿ ಬಂದರೆ ನೀರು ಬಿಡುವವರನ್ನೇ ವಿಚಾರಿಸಿ, ಯಾರು ಹೇಳಿದರೆಂಬುದನ್ನೂ ಸೇರಿಸಿ ಮುಂದಕ್ಕೆ ಕಳುಹಿಸಿ. ಫೋನಿಲ್ಲದ ಮನೆಗಳಿಗೆ ನಡೆದು ಹೋಗಿ ಹೇಳಿ. ಅಂಥ ಮನೆಗಳು ಎಷ್ಟಿವೆಯೆಂದು ಪ್ರಸಾದಕ್ಕೆ ಏಳುವ ಮುಂಚೆ ಒಂದು ಪಟ್ಟಿ ಬರೆಯೋಣ. ಮೊದಲ ಹೆಸರು ಆ ಹಿರಿಯರದು. ಅಗೋ, ಕಂಬದ ಪಕ್ಕದಲ್ಲೇ ಕುಳಿತಿದ್ದಾರೆ.