ಶಾಲೆಗೆ ಯಂತ್ರ ಕೊಡುವ ಮೊದಲು

(ಸಂಘದ ರಜತ ಮಹೋತ್ಸವದ ಅಂಗವಾಗಿ ಅತ್ತಿಗುಂಡಿಯಲ್ಲಿ ಸೇರಿದ್ದ ಸದಸ್ಯರ ಮತ್ತು ಪೋಷಕರ ಸಭೆಯಲ್ಲಿ ಶಿಕ್ಷಣ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಸಂತೋಷಕ್ಕೆ ನಮ್ಮ ಸಂಘ ಈ ಭಾಗದ ಶಾಲೆಯ ಮಕ್ಕಳಿಗೆ ಏನಾದರೂ ಶಾಶ್ವತವಾದದ್ದನ್ನು ಮಾಡಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. "ನಾಲ್ಕು ಕಂಪ್ಯೂಟರ್ ಕೊಡಿಸಿ, ಒಂದು ದೊಡ್ಡ ಟಿ.ವಿ. ಹಾಕಿಸಿ, ಕೆಲಸ ಮುಗೀತು" ಎಂದು ಬಹಳ ಜನ ಸದಸ್ಯರು ಹೇಳಿದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಇದನ್ನೆಲ್ಲ ನೋಡಿ ವರದಿ ಕೊಡಿ ಎಂದು ಶಿಕ್ಷಣ ಉಪಸಮಿತಿಯವರಾದ ನಮಗೆ ಒಪ್ಪಿಸಿರುವುದರಿಂದ, ಕಂಡದ್ದನ್ನು ಮುಚ್ಚುಮರೆ ಇಲ್ಲದೆ ಹೇಳುವುದು ನಮ್ಮ ಕರ್ತವ್ಯ. ನಮ್ಮ ಮಾತಿನ ಸಾರ ಇಷ್ಟೆ. ಯಂತ್ರ ಕೊಳ್ಳುವುದು ಯೋಜನೆಯ ಕೊನೆಯ ಸಾಲಾಗಬೇಕೇ ಹೊರತು ಮೊದಲ ಸಾಲಲ್ಲ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಹಲವು ವರ್ಷಗಳ ಹಿಂದೆ ನಾವೇ ಕೆಲವರು ಚಂದಾ ಎತ್ತಿ ಒಂದು ಶಾಲೆಗೆ ಎರಡು ಕಂಪ್ಯೂಟರ್ ಕೊಟ್ಟೆವು. ಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಫೋಟೋ ತೆಗೆಸಿಕೊಂಡು ಮನೆಗೆ ಬಂದೆವು. ಮತ್ತೆ ಆ ಕಡೆ ತಲೆ ಹಾಕಿದ್ದು ಎರಡು ಮಳೆಗಾಲ ಕಳೆದ ಮೇಲೆ. ಯಂತ್ರಗಳು ಬೀರುವಿನ ಪಕ್ಕದಲ್ಲಿ ಹಳೇ ಪಂಚೆ ಹೊದ್ದು ಕೂತಿದ್ದವು. ಒಂದಕ್ಕೆ ಬೂಷ್ಟು ಹಿಡಿದಿತ್ತು, ಇನ್ನೊಂದರ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿತ್ತು. ಮೇಷ್ಟ್ರನ್ನು ಕೇಳಿದ್ದಕ್ಕೆ ಅವರು ನೊಂದುಕೊಂಡೇ ಹೇಳಿದರು: "ನೀವು ಕೊಟ್ಟದ್ದನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿದ್ದೇನೆ. ಕೆಟ್ಟರೆ ನಾಳೆ ನಾನೇ ಉತ್ತರ ಹೇಳಬೇಕು. ಇದನ್ನು ಹೇಗೆ ನಡೆಸೋದು ಅಂತ ನನಗೂ ಯಾರೂ ಹೇಳಿಕೊಡಲಿಲ್ಲ. ಬೀಗ ಹಾಕಿಡೋದೇ ಕ್ಷೇಮ ಅನಿಸಿತು."

ಆವತ್ತು ನಮಗೆ ಸಿಟ್ಟು ಬಂದದ್ದು ನಿಜ. ಆಮೇಲೆ ಕೂತು ಯೋಚಿಸಿದರೆ ತಪ್ಪು ಮೇಷ್ಟ್ರದ್ದಲ್ಲ. ಕಲಿಸುವ ವ್ಯವಸ್ಥೆ ಮಾಡದವರು ನಾವು. ರಿಪೇರಿಗೆಂದು ಒಂದು ರೂಪಾಯಿ ಎತ್ತಿಡದವರು ನಾವು. ಕೆಟ್ಟರೆ ನಾವಿದ್ದೇವೆ ಎಂಬ ಒಂದು ಮಾತನ್ನೂ ಆಡದವರು ನಾವು.

ಇದು ನಮ್ಮೊಬ್ಬರ ಕಥೆಯಾಗಿದ್ದರೆ ಇಷ್ಟು ದೊಡ್ಡ ಸಭೆಯ ಮುಂದೆ ಹೇಳುತ್ತಿರಲಿಲ್ಲ. ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984-85ರಲ್ಲಿ, ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ. ಆಗ ಆಯ್ದ ಪ್ರೌಢಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರಗಳನ್ನು ಕೊಟ್ಟರು. ನಮ್ಮ ರಾಜ್ಯದಲ್ಲಿ 2001ರ ಸುಮಾರಿಗೆ 'ಮಾಹಿತಿ ಸಿಂಧು' ಬಂತು. ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಕೊಠಡಿ ಮಾಡಿ, ಅದರ ಗುತ್ತಿಗೆಯನ್ನು ಖಾಸಗಿ ಕಂಪನಿಗಳಿಗೆ ವಹಿಸಿದರು. ಯಂತ್ರ ಅವರದು, ಪಾಠ ಹೇಳುವವರೂ ಅವರ ಕಡೆಯವರೇ. ಎಷ್ಟೋ ಮಕ್ಕಳು ಮೊದಲ ಸಲ ಕೀಲಿಮಣೆ ಮುಟ್ಟಿದ್ದು ಅಲ್ಲಿಯೇ, ಅದನ್ನು ಅಲ್ಲಗಳೆಯಬಾರದು. ಆದರೆ ಶಾಲೆಯ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರು ಆ ಕೊಠಡಿಗೆ ನೆಂಟರ ಹಾಗೆ ಉಳಿದರು. ಗುತ್ತಿಗೆ ಮುಗಿದು ಕಲಿಸುವವರು ಹೊರಟಾಗ ಅವರ ಜೊತೆಗೆ ವಿದ್ಯೆಯೂ ಹೊರಟಿತು.

ಹೆಚ್ಚು ಕಡಿಮೆ ಅದೇ ಕಾಲಕ್ಕೆ ನೆರೆಯ ಕೇರಳದವರು 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ಹಿಡಿದರು. ಅವರು ಹೊರಗಿನವರನ್ನು ನೆಚ್ಚಿಕೊಳ್ಳದೆ ಶಾಲೆಯ ಶಿಕ್ಷಕರನ್ನೇ ಮೊದಲು ತಯಾರು ಮಾಡಿದರು. ಶಿಕ್ಷಕರೇ ಶಿಕ್ಷಕರಿಗೆ ಕಲಿಸಿದರು. ಹಣ ಕೊಟ್ಟು ಪರವಾನಗಿ ಪಡೆಯಬೇಕಾದ ತಂತ್ರಾಂಶ ಬಿಟ್ಟು, ಮುಕ್ತ ತಂತ್ರಾಂಶವನ್ನು ತಮ್ಮ ಭಾಷೆಯಲ್ಲಿ ಬಳಸಿದರು. ಆ ಯೋಜನೆ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಗಿ ಇಂದಿಗೂ ನಡೆದಿದೆ. ಮುಂದೆ ಮಕ್ಕಳದ್ದೇ ಗಣಕ ಕೂಟಗಳೂ ಆದವು. ಎರಡೂ ಕಡೆ ಬಂದದ್ದು ಯಂತ್ರವೇ. ಒಂದು ಕಡೆ ಅದು ಬಾಡಿಗೆಗೆ ಬಂತು, ಇನ್ನೊಂದು ಕಡೆ ಮನೆಯ ಮಗುವಾಗಿ ಬೆಳೆಯಿತು.

ನಮ್ಮ ಕರ್ನಾಟಕವೂ ಈ ಪಾಠ ಕಲಿಯಲಿಲ್ಲ ಎನ್ನುವಂತಿಲ್ಲ. 2011ರಿಂದ 'ವಿಷಯ ಶಿಕ್ಷಕರ ವೇದಿಕೆ' ಎಂಬ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರು ಗಣಕ ಬಳಸಲು ಕಲಿತರು. ತಾವೇ ಕನ್ನಡದಲ್ಲಿ ಪಾಠಸಾಮಗ್ರಿ ತಯಾರಿಸಿ ಎಲ್ಲರೂ ಹಂಚಿಕೊಳ್ಳುವಂತೆ ಮಾಡಿದರು. ಇನ್ನೊಂದು ಉದಾಹರಣೆ ನೋಡಿ. 2004ರಲ್ಲಿ ಇಸ್ರೋದವರು ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಬರುತ್ತಿತ್ತು. 2010ಕ್ಕೆ ಆ ಉಪಗ್ರಹದ ಆಯಸ್ಸು ಮುಗಿಯಿತು. ಆಕಾಶದಲ್ಲಿ ಇರುವುದಕ್ಕೂ ಆಯಸ್ಸಿದೆ, ಮೇಜಿನ ಮೇಲಿರುವುದಕ್ಕೂ ಆಯಸ್ಸಿದೆ. ಉಳಿಯುವುದು ಮೇಷ್ಟ್ರ ತಲೆಯಲ್ಲಿ, ಮಕ್ಕಳ ಕೈಯಲ್ಲಿ ನಿಂತದ್ದು ಮಾತ್ರ.

"ಹಾಗಾದರೆ ಈ ತಂತ್ರಜ್ಞಾನವೇ ಬೇಡವೋ?" ಎಂದು ನೀವು ಕೇಳಬಹುದು. ಖಂಡಿತ ಬೇಕು. ಬೇಕು ಎಂದು ನಮಗೆ ಮನದಟ್ಟಾದದ್ದು 2020ರಲ್ಲಿ. ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಂದನದಲ್ಲಿ 'ಸಂವೇದ' ಪಾಠ ಬಂತು. 'ವಿದ್ಯಾಗಮ' ಎಂದು ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಆದರೆ ನಮ್ಮ ಗುಡ್ಡದ ಕಡೆ ಒಂದು ತಿರುವಿನಲ್ಲಿ ಸಿಗ್ನಲ್ ಸಿಕ್ಕರೆ ಮುಂದಿನ ತಿರುವಿನಲ್ಲಿ ಇಲ್ಲ. ಮಳೆಗೆ ತಾಡಪಾಲು ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಮೊಬೈಲ್ ಹಿಡಿದು ಕೂತ ಮಕ್ಕಳನ್ನು ನಾವೇ ನೋಡಿದ್ದೇವೆ. ಅವರೇ ಪುಣ್ಯವಂತರು. ಎಸ್ಟೇಟಿನ ಲೈನ್ ಮನೆಗಳಲ್ಲಿ ಇದ್ದದ್ದು ಮನೆಗೊಂದು ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಆ ಎರಡು ವರ್ಷ ಕಳೆದುಕೊಂಡ ಮಕ್ಕಳಲ್ಲಿ ಕೆಲವರು ಮತ್ತೆ ಪುಸ್ತಕ ಹಿಡಿಯಲೇ ಇಲ್ಲ. ದುಡ್ಡಿದ್ದವರು ಮಕ್ಕಳನ್ನು ಪೇಟೆ ಶಾಲೆಗೆ ಹಾಕುತ್ತಾರೆ. ಉಳಿದವರಿಗೆ ಊರಿನ ಶಾಲೆಯೇ ಗತಿ, ಮಕ್ಕಳು ಕಡಿಮೆಯಾದರೆ ಆ ಶಾಲೆಯ ಗತಿಯೇ ಏನೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಆದ್ದರಿಂದ ಈ ವಿಷಯ ನಮಗೆ ಅಲಂಕಾರದ್ದಲ್ಲ.

ಯೋಜನೆ ಮಾಡುವುದು ಹೇಗೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಸೊಸೈಟಿಯ ಲೆಕ್ಕ ಕಿರ್ದಿ ಪುಸ್ತಕದಿಂದ ಕಂಪ್ಯೂಟರಿಗೆ ಹೋದದ್ದನ್ನು ನೆನಪಿಸಿಕೊಳ್ಳಿ. ಯಂತ್ರ ತಂದ ಮಾರನೇ ದಿನ ಕಿರ್ದಿ ಮುಚ್ಚಿದೆವೇ? ಇಲ್ಲ. ಗುಮಾಸ್ತರು ಕಲಿಯುವ ತನಕ, ಎರಡೂ ಕಡೆಯ ಶಿಲ್ಕು ತಾಳೆಯಾಗುವ ತನಕ, ತಿಂಗಳುಗಟ್ಟಲೆ ಎರಡನ್ನೂ ಬರೆದೆವು. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಾಗಲೂ ಬರೇ ಯಂತ್ರಕ್ಕೆ ಹಣ ಇಡಲಿಲ್ಲ. ಹಳೇ ಲೆಕ್ಕ ಏರಿಸುವುದಕ್ಕೆ, ತರಬೇತಿಗೆ, ನಿರ್ವಹಣೆಗೆ ಬೇರೆ ಬೇರೆ ತೆಗೆದಿಟ್ಟಿತು. ಷೇರು ಹಣದ ಲೆಕ್ಕಕ್ಕೆ ಇರುವ ಈ ಎಚ್ಚರ ಮಕ್ಕಳ ಓದಿಗೆ ಬೇಡವೇ?

ಕಾನೂನು ಕೂಡ ಇದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನು ಶಾಲಾ ಸಮಿತಿಗೇ ಕೊಟ್ಟಿದ್ದಾರೆ. ಕೇಂದ್ರದ ಮಾದರಿ ನಿಯಮದ ಪ್ರಕಾರ ಅದು ಮೂರು ವರ್ಷದ ಯೋಜನೆ, ವರ್ಷಕ್ಕೊಂದು ಉಪಯೋಜನೆ. ನಮ್ಮ ಸಲಹೆಯನ್ನೂ ಅದೇ ಅಚ್ಚಿನಲ್ಲಿ ಹಾಕಿದ್ದೇವೆ. ಅರೇಬಿಕಾ ಗಿಡ ನೆಟ್ಟು ಫಸಲಿಗೆ ಮೂರು ನಾಲ್ಕು ವರ್ಷ ಕಾಯುವ ನಮಗೆ ಇದು ಬಹಳ ಅನಿಸಬಾರದು.

ಮೊದಲನೇ ವರ್ಷ ಮಕ್ಕಳಿಗೆಂದು ಏನೂ ಕೊಳ್ಳುವುದು ಬೇಡ. ನೀರಿನ ಅನುಕೂಲ ನೋಡದೆ ಪಲ್ಪರ್ ತರುವವರು ನಮ್ಮಲ್ಲಿ ಯಾರೂ ಇಲ್ಲ. ಹಾಗೆಯೇ ಮೊದಲು ಶಾಲೆಯ ಮಾಡು ಸೋರುತ್ತದೆಯೋ ನೋಡೋಣ. ವೈರಿಂಗ್ ಸರಿ ಇದೆಯೋ, ಅರ್ಥಿಂಗ್ ಇದೆಯೋ ಪರೀಕ್ಷೆ ಮಾಡಿಸೋಣ. ಹೂಮಳೆ ಕಾಲದ ಸಿಡಿಲಿಗೆ ಎಷ್ಟು ಮನೆಯ ಟಿ.ವಿ. ಹೋಗಿವೆ ಎಂದು ನಿಮಗೇ ಗೊತ್ತು. ಮೋಡ ಗುಡುಗಿದ ಕೂಡಲೇ ಪ್ಲಗ್ ಕೀಳುವುದು ಯಾರ ಕೆಲಸ ಎಂದು ಗೋಡೆಯ ಮೇಲೆ ಬರೆದಿರಬೇಕು. ಮಳೆಗಾಲದ ಶೀತಕ್ಕೆ ಬಾಗಿಲಿರುವ ಗೂಡು ಮಾಡಿಸಿ ಒಣಗಿಸಿ ಇಡಬೇಕು. ದಿನಾ ಓಡುವ ಯಂತ್ರಕ್ಕೆ ಬೂಷ್ಟು ಕಡಿಮೆ, ಆದ್ದರಿಂದ ಬಳಸುವುದೇ ದೊಡ್ಡ ಔಷಧಿ. ಇದೇ ವರ್ಷ ಇಬ್ಬರು ಶಿಕ್ಷಕರಿಗೆ, ಊರಿನ ಇಬ್ಬರು ಯುವಕ ಯುವತಿಯರಿಗೆ ತರಬೇತಿ ಆಗಬೇಕು. ಊರಿನವರು ಏಕೆಂದರೆ ಶಿಕ್ಷಕರಿಗೆ ವರ್ಗಾವಣೆ ಬರುತ್ತದೆ, ಊರಿಗೆ ಬರುವುದಿಲ್ಲ. ಕಲಿಯಲು ಒಂದು ಲ್ಯಾಪ್‌ಟಾಪ್ ಶಿಕ್ಷಕರ ಕೈಗೆ ಕೊಡೋಣ, ಮನೆಗೆ ಒಯ್ದು ಅಭ್ಯಾಸ ಮಾಡಲಿ.

ಎರಡನೇ ವರ್ಷ ಒಂದು ದೊಡ್ಡ ಪರದೆ, ಮೂರು ನಾಲ್ಕು ಯಂತ್ರ, ಕರೆಂಟು ಹೋದರೆ ನಡೆಯಲು ಬ್ಯಾಟರಿ. ಇಂಟರ್ನೆಟ್ ಇಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಈಗಿನ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಚೌಕಗಳಿವೆ. 2017ರಲ್ಲಿ ಶುರುವಾದ 'ದೀಕ್ಷಾ'ದ ಪಾಠಗಳನ್ನು ಚಿಕ್ಕಮಗಳೂರಿಗೆ ಇಳಿದಾಗ ಇಳಿಸಿಕೊಂಡು ಬಂದರೆ ಇಲ್ಲಿ ಸಿಗ್ನಲ್ ಇಲ್ಲದೆಯೂ ತೋರಿಸಬಹುದು. ಹಿಂದೆ 'ಚಿನ್ನರ ಚುಕ್ಕಿ'ಯಂತಹ ರೇಡಿಯೋ ಪಾಠಗಳು ಒಂದೇ ಒಂದು ಪೆಟ್ಟಿಗೆಯಿಂದ ಇಡೀ ತರಗತಿಯನ್ನು ಹಾಡಿಸಿ ಕುಣಿಸುತ್ತಿದ್ದವು. ದುಬಾರಿ ಯಂತ್ರವೇ ಒಳ್ಳೆ ಯಂತ್ರ ಎಂದೇನಿಲ್ಲ.

ಮೂರನೇ ವರ್ಷ ನೋಡುವುದು ಕಡಿಮೆಯಾಗಿ ಮಾಡುವುದು ಹೆಚ್ಚಾಗಬೇಕು. ಪಾಠವನ್ನು ಪರದೆಯ ಮೇಲೆ ನೋಡಿ ಬಾಯಿ ಕಳೆದು ಕೂತರೆ ಅದು ಕಲಿಕೆಯಲ್ಲ. ನಮ್ಮ ತೋಟಗಳಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟ್ ಎಂದು ಬರೆದಿಡುವ ಪದ್ಧತಿ ಇದೆ. ಮಕ್ಕಳು ಆ ಪುಸ್ತಕಗಳನ್ನು ಕೇಳಿ ತಂದು, ಹತ್ತು ವರ್ಷದ ಲೆಕ್ಕ ಗಣಕಕ್ಕೆ ಏರಿಸಿ, ಯಾವ ವರ್ಷ ಹೂಮಳೆ ತಡವಾಯಿತು ಎಂದು ನಕ್ಷೆ ಬರೆಯಲಿ. ಅದರಲ್ಲಿ ಗಣಿತವಿದೆ, ವಿಜ್ಞಾನವಿದೆ, ಊರಿನ ಬದುಕಿದೆ. ಕನ್ನಡದಲ್ಲಿಯೇ ಟೈಪ್ ಮಾಡಲಿ. ಕೆ.ಪಿ. ರಾಯರು ಕನ್ನಡಕ್ಕೆಂದು ರೂಪಿಸಿದ ಕೀಲಿಮಣೆ ವಿನ್ಯಾಸವಿದೆ, ಪುಕ್ಕಟೆ ಸಿಗುವ 'ನುಡಿ' ಇದೆ. ಲೈನ್ ಮನೆಯ ಮಗುವಿಗೂ ತೋಟದ ಯಜಮಾನರ ಮಗುವಿಗೂ ಸಮನಾದ ಪಾಳಿ ಇರಲಿ, ಹೆಣ್ಣುಮಕ್ಕಳ ಪಾಳಿಯನ್ನು ಗಂಡುಮಕ್ಕಳು ನುಂಗದಿರಲಿ. ಪಾಳಿಯ ಪಟ್ಟಿ ಬಾಗಿಲಿಗೆ ಅಂಟಿಸಿರಬೇಕು.

ಇನ್ನು ಹಣದ ಮಾತು. ಸದಸ್ಯರಿಗೆ ಸವಕಳಿ ಎಂದರೇನು ಎಂದು ನಾವು ಹೇಳಬೇಕಿಲ್ಲ. ಉದಾಹರಣೆಗೆ 1,20,000 ರೂಪಾಯಿಯ ಸಾಮಾನು ಆರು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 20,000 ಸವಕಳಿ. ಅದನ್ನು ಈಗಿನಿಂದಲೇ ಎತ್ತಿಡದಿದ್ದರೆ ಏಳನೇ ವರ್ಷ ಮತ್ತೆ ಚಂದಾ ಪುಸ್ತಕ ಹಿಡಿದು ಹೊರಡಬೇಕು. ಬ್ಯಾಟರಿ, ರಿಪೇರಿ, ತರಬೇತಿಯ ಖರ್ಚು ಬೇರೆ. ಆದ್ದರಿಂದ ಮಹೋತ್ಸವದ ನಿಧಿಯಿಂದ ಶಾಲೆಗೆ ತೆಗೆದಿಡುವ ಪ್ರತಿ 100 ರೂಪಾಯಿಯಲ್ಲಿ 50ಕ್ಕಿಂತ ಹೆಚ್ಚು ಯಂತ್ರಕ್ಕೆ ಹೋಗಬಾರದು ಎಂದು ನಮ್ಮ ಶಿಫಾರಸು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಠರಾವನ್ನು ಈ ಸಭೆ ಮಾಡಬೇಕೆಂದು ಕೈಮುಗಿದು ಕೇಳುತ್ತೇವೆ. ಮಕ್ಕಳು ಬಳಸುವಾಗ ಯಂತ್ರ ಕೆಟ್ಟರೆ ಅದರ ಖರ್ಚು ಸಂಘದ್ದು, ಶಿಕ್ಷಕರ ಸಂಬಳದ್ದಲ್ಲ. ಸಾಮಾನು ಸಂಘದ ದಾಸ್ತಾನಿನಲ್ಲಿಯೇ ಇರಲಿ, ಶಾಲೆಗೆ ಬಳಸಲು ಕೊಟ್ಟದ್ದು ಎಂದಿರಲಿ. ಬೀಗದ ಕೈ ಒಂದು ಶಾಲೆಯಲ್ಲಿ, ಇನ್ನೊಂದು ಎಸ್.ಡಿ.ಎಂ.ಸಿ.ಯಲ್ಲಿ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ಇದರ ವರದಿಯೂ ಬರಲಿ. ಎಷ್ಟು ಯಂತ್ರ ಇವೆ ಎಂದು ಕೇಳಬೇಡಿ. ಎಷ್ಟು ದಿನ ಓಡಿದವು, ಯಾವ ಮಗು ಏನು ಮಾಡಿತು ಎಂದು ಕೇಳಿ. ಬೀರುವಿನ ಪಕ್ಕ ಹೊಸದರ ಹಾಗೆ ಹೊಳೆಯುತ್ತಿರುವ ಯಂತ್ರಕ್ಕಿಂತ ಮಕ್ಕಳ ಬೆರಳು ತಗುಲಿ ಅಕ್ಷರ ಸವೆದ ಕೀಲಿಮಣೆ ನಮಗೆ ಹೆಚ್ಚು ಮರ್ಯಾದೆ ತರುತ್ತದೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಅವರ ಕೈಯಲ್ಲಿ ಯಂತ್ರವಿರಲಿಲ್ಲ. ಒಬ್ಬರಿಗೊಬ್ಬರು ಹೊಣೆ ಎಂಬ ನಂಬಿಕೆ ಇತ್ತು. ಆ ಹೊಣೆಯನ್ನು ಮೇಷ್ಟ್ರ ಜೊತೆ ಹಂಚಿಕೊಂಡರೆ ಬೀರುವಿನ ಬೀಗ ತಾನಾಗಿ ತೆರೆಯುತ್ತದೆ.



ಜೈ ಸಹಕಾರ. ಜೈ ಕರ್ನಾಟಕ.