ಒಡೆದದ್ದೋ, ಹರಿದದ್ದೋ?



ಇಂಗ್ಲಿಷಿನಲ್ಲಿ ಗಾಜಿನ ಲೋಟ ‘ಬ್ರೇಕ್’ ಆಗುತ್ತದೆ. ಕಾಲಿನ ಮೂಳೆಯೂ ಬ್ರೇಕ್ ಆಗುತ್ತದೆ. ಬಾವಿಯ ಹಗ್ಗ, ಕೊಟ್ಟ ಮಾತು, ಹಿಡಿದ ಉಪವಾಸ, ಕೊನೆಗೆ ಬೆಳಗಿನ ಜಾವ ಕೂಡ ಅಷ್ಟೆ. ಎಲ್ಲಕ್ಕೂ ಅದೊಂದೇ ಕ್ರಿಯಾಪದ. ಈ ಪದವನ್ನು ಹಂಗೇರಿಯನ್ ಭಾಷೆಗೆ ತರಬೇಕಾದವನು ಎರಡು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ. ಮುರಿದದ್ದು ಏನು? ಅದು ತಾನಾಗಿ ಮುರಿಯಿತೋ, ಯಾರಾದರೂ ಮುರಿದರೋ? ಅನುವಾದವೆಂದರೆ ಪದಕ್ಕೆ ಪದ ಇಡುವುದು ಎಂದು ನಂಬಿದವರಿಗೆ ಇದೊಂದು ಒಳ್ಳೆಯ ಪರೀಕ್ಷೆ.

ಹಂಗೇರಿಯನ್ ಯುರೋಪಿನ ನಟ್ಟನಡುವೆ ಇದ್ದರೂ ಇಂಡೋ-ಯುರೋಪಿಯನ್ ಕುಟುಂಬದ್ದಲ್ಲ. ಅದು ಫಿನ್ನಿಷ್, ಎಸ್ಟೋನಿಯನ್‌ಗಳ ದೂರದ ನೆಂಟ. ಕನ್ನಡದ ಹಾಗೆಯೇ ಪ್ರತ್ಯಯದ ಮೇಲೆ ಪ್ರತ್ಯಯ ಹಚ್ಚಿ ಪದ ಬೆಳೆಸುವ ಭಾಷೆ. ಅಲ್ಲಿನ ದೊಡ್ಡ ಇಂಗ್ಲಿಷ್-ಹಂಗೇರಿಯನ್ ನಿಘಂಟನ್ನು 1960ರಲ್ಲಿ ಹೊರತಂದವರು ಓರ್ಸಾಗ್ ಲಾಸ್ಲೋ. (ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ.) ಇಂಥ ನಿಘಂಟುಗಳಲ್ಲಿ ‘ಬ್ರೇಕ್’ ಎಂಬುದರ ಎದುರಿಗೆ ಒಂದು ಪದವಲ್ಲ, ಪದಗಳ ಒಂದು ಹಿಂಡೇ ನಿಂತಿರುತ್ತದೆ. ಆ ಹಿಂಡಿನಿಂದ ಕೆಲವನ್ನು ಹಿಡಿದು ತೋರಿಸುತ್ತೇನೆ. ಉಚ್ಚಾರ ನಮ್ಮ ಲಿಪಿಗೆ ಪೂರ್ತಿ ಒಗ್ಗುವುದಿಲ್ಲ, ಹತ್ತಿರದ್ದನ್ನು ಹೇಳುತ್ತಿದ್ದೇನೆ.

ಲೋಟ, ಕೋಲು, ಮೂಳೆ ಮುರಿದರೆ ‘ತೊರಿಕ್’. ಹಗ್ಗ, ದಾರ, ಬಟ್ಟೆಯಾದರೆ ‘ಸಕದ್’. ಗೋಡೆಯಲ್ಲಿ ಬಿರುಕು ಬಿಟ್ಟರೆ ‘ರೆಪೆದ್’. ಮರ ಎಳೆಯುದ್ದಕ್ಕೂ ಸೀಳಿದರೆ ‘ಹಶದ್’. ನಮಗೆ ಇದು ವಿಚಿತ್ರವೆನಿಸುವುದಿಲ್ಲ. ಲೋಟ ಒಡೆಯುತ್ತದೆ, ಕೋಲು ಮುರಿಯುತ್ತದೆ, ಹಗ್ಗ ಹರಿಯುತ್ತದೆ ಎಂದು ನಾವೂ ವಸ್ತು ನೋಡಿ ಮಾತಾಡುವವರೇ. ಹಗ್ಗವನ್ನೂ ಬಟ್ಟೆಯನ್ನೂ ಒಂದೇ ಗುಂಪಿಗೆ ಸೇರಿಸುವುದರಲ್ಲಂತೂ ಕನ್ನಡವೂ ಹಂಗೇರಿಯನ್ನೂ ಒಂದೇ. ಹಗ್ಗ ಹರಿಯಿತು, ಪಂಚೆ ಹರಿಯಿತು. ಅಲ್ಲೂ ಎರಡಕ್ಕೂ ಸಕದ್. ಇಂಗ್ಲಿಷಿನವನಿಗೆ ಹಗ್ಗದ್ದು ‘ಬ್ರೇಕ್’, ಬಟ್ಟೆಯದು ‘ಟೇರ್’. ಇನ್ನೊಂದು ತಮಾಷೆಯಿದೆ. ನಮ್ಮಲ್ಲಿ ನೀರೂ ಹರಿಯುತ್ತದೆ, ಅಲ್ಲಿ ಜಡಿಮಳೆಗೂ ಸಕದ್ ಎನ್ನುತ್ತಾರೆ. ಕಾಕತಾಳೀಯವೇ ಇರಬೇಕು, ಆದರೂ ಕೇಳಲು ಹಿತ.

ಎರಡನೆಯ ಪ್ರಶ್ನೆಯಲ್ಲಿ ಮಾತ್ರ ನಾವು ಇಂಗ್ಲಿಷಿನ ಪಾಳಯದಲ್ಲಿದ್ದೇವೆ. ‘ಲೋಟ ಒಡೆಯಿತು’, ‘ಹುಡುಗ ಲೋಟ ಒಡೆದ’ ಎಂಬಲ್ಲಿ ಧಾತು ಒಂದೇ, ಕೊನೆಯ ಪ್ರತ್ಯಯದಿಂದ ವ್ಯತ್ಯಾಸ ತಿಳಿಯಬೇಕು. ಅದಕ್ಕೇ ನಮ್ಮ ಮನೆಯ ಮಕ್ಕಳು ‘ಒಡೆದುಹೋಯ್ತು’ ಎನ್ನುತ್ತವೆಯೇ ಹೊರತು ‘ಒಡೆದೆ’ ಎನ್ನುವುದಿಲ್ಲ. ಹಂಗೇರಿಯನ್ನಿನಲ್ಲಿ ಕ್ರಿಯಾಪದವೇ ಎರಡು. ತಾನಾಗಿ ಮುರಿದರೆ ತೊರಿಕ್, ಒಬ್ಬರು ಮುರಿದರೆ ತೊರ್. ಸಕದ್‌ಗೆ ಜೊತೆ ಸಕೀತ್, ಹಶದ್‌ಗೆ ಹಶೀತ್, ರೆಪೆದ್‌ಗೆ ರೆಪೆಸ್ತ್.

ಇದು ಬರೀ ವ್ಯಾಕರಣದ ಮಾತಲ್ಲ. ಇಂಗ್ಲಿಷ್ ಚರಿತ್ರೆಕಾರ ‘ಇಬ್ಬರ ನಡುವಿನ ಬ್ರೇಕ್’ ಎಂದು ಬರೆದು, ಯಾರು ಮಾಡಿದ್ದೆಂದು ಹೇಳದೆ ಮುಂದೆ ಹೋಗಬಹುದು. ಹಂಗೇರಿಯನ್ ಅನುವಾದಕನಿಗೆ ಆ ಸೌಲಭ್ಯವಿಲ್ಲ. ಆತ ‘ಸಕದಾಶ್’ ಎಂದು ಬರೆದರೆ ಅದು ಬಟ್ಟೆ ಹರಿದಂತೆ ಹರಿದದ್ದು. ‘ಸಕೀತಾಶ್’ ಎಂದರೆ ಕಡಿದುಕೊಂಡದ್ದು, ಅಲ್ಲಿ ಒಂದು ಕೈ ಇದೆ. 1054ರಲ್ಲಿ ರೋಮಿನ ಚರ್ಚೂ ಕಾನ್‌ಸ್ಟಾಂಟಿನೋಪಲಿನ ಚರ್ಚೂ ಬೇರೆಯಾದದ್ದನ್ನು ಅವರು ಚರ್ಚಿನ ಸಕದಾಶ್ ಎನ್ನುತ್ತಾರೆ. 1534ರಲ್ಲಿ ಎಂಟನೆಯ ಹೆನ್ರಿ ರೋಮಿನ ನಂಟು ತೊರೆದದ್ದು ಸಕೀತಾಶ್. ಪ್ರೇಮಿಗಳು ಬೇರೆಯಾದರೂ ಅದೇ ಸಕೀತಾಶ್. ಒಂದು ಪದ ಆರಿಸುವಾಗಲೇ ಅನುವಾದಕ ಅರ್ಧ ತೀರ್ಪು ಕೊಟ್ಟುಬಿಟ್ಟಿರುತ್ತಾನೆ.

ಮಾತು ಮುರಿಯುವುದಕ್ಕೆ ಅವರಲ್ಲಿ ಬೇರೊಂದು ಪದವುಂಟು: ‘ಸೆಗ್’. ಇಡೀ ರೊಟ್ಟಿಯ ಮೊದಲ ಹೋಳು ಕೊಯ್ಯುವುದೂ ಸೆಗ್. ಒಮ್ಮೆ ಕೊಯ್ದ ರೊಟ್ಟಿ ಮತ್ತೆ ಇಡಿಯಾಗುವುದಿಲ್ಲವಲ್ಲ! ನಾವು ‘ಮಾತಿಗೆ ತಪ್ಪಿದ’ ಎನ್ನುವಾಗ ಮಾತು ನೆಟ್ಟಗಿರುತ್ತದೆ, ದಾರಿ ಬಿಟ್ಟವನು ಮನುಷ್ಯ. ಇನ್ನು ಗಣಿತದಲ್ಲಿ ಮೂವರೂ ಒಂದಾಗುತ್ತೇವೆ. ಇಂಗ್ಲಿಷಿನ ಫ್ರ್ಯಾಕ್ಷನ್ ಲ್ಯಾಟಿನ್ನಿನ ‘ಮುರಿ’ ಧಾತುವಿನಿಂದ ಬಂದದ್ದು, ಹಂಗೇರಿಯನ್ನಿನ ‘ತೊರ್ತ್’ ಎಂದರೆ ಮುರಿದದ್ದು, ನಮ್ಮ ಭಿನ್ನರಾಶಿಯ ‘ಭಿನ್ನ’ವೂ ಸಂಸ್ಕೃತದಲ್ಲಿ ಒಡೆದದ್ದೇ.

ಮುರಿತ ಬಿಟ್ಟು ಕುಂದಿಗೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಇಲ್ಲಿ ಇಂಗ್ಲಿಷೇ ಶ್ರೀಮಂತ: ಫ್ಲಾ, ಫಾಲ್ಟ್, ಡಿಫೆಕ್ಟ್, ಎರರ್, ಮಿಸ್ಟೇಕ್. ‘ಫ್ಲಾ’ ಎಂದರೆ ಮೊದಲು ಹಿಮದ ಚಕ್ಕೆ, ಆಮೇಲೆ ಎದ್ದುಬಂದ ಯಾವುದೇ ಚಕ್ಕೆ, ಕೊನೆಗೆ ಚಕ್ಕೆ ಎದ್ದ ಜಾಗದ ಊನ. ‘ಫಾಲ್ಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಲ’ಕಾರವೇ ಇರಲಿಲ್ಲ. ಲ್ಯಾಟಿನ್ ಬಲ್ಲ ಪಂಡಿತರು ಕಾಗುಣಿತ ತಿದ್ದಿ ಅದನ್ನು ತುರುಕಿದರು, ಜನ ಶತಮಾನಗಳ ಮೇಲೆ ಉಚ್ಚರಿಸತೊಡಗಿದರು. ತಪ್ಪು ಎಂಬ ಪದವನ್ನೇ ತಿದ್ದಿದ ಪಂಡಿತರು!

ಇವುಗಳಿಗೆಲ್ಲ ಹಂಗೇರಿಯನ್ನಿನಲ್ಲಿ ಬಹುಮಟ್ಟಿಗೆ ಒಂದೇ ಪದ ಸಾಕು: ‘ಹಿಬ’. ಯಂತ್ರದ ದೋಷ ಹಿಬ, ಲೆಕ್ಕದ ತಪ್ಪು ಹಿಬ, ಅಚ್ಚಿನ ತಪ್ಪು ಶಯ್ತೋಹಿಬ, ‘ತಪ್ಪು ನನ್ನದು’ ಎನ್ನುವಲ್ಲೂ ಹಿಬವೇ. ವಸ್ತುವಿನ ಐಬಿಗೂ ಮನುಷ್ಯನ ತಪ್ಪಿಗೂ ನಾವು ನಡುವೆ ಗೆರೆ ಎಳೆಯುತ್ತೇವೆ. ಆ ಪದ ಎಳೆಯುವುದಿಲ್ಲ. ಆದರೆ ಭೂಕಂಪಕ್ಕೆ ಕಾರಣವಾಗುವ ನೆಲದ ‘ಫಾಲ್ಟ್’ ಅವರಿಗೆ ಹಿಬ ಅಲ್ಲ, ಮುರಿತದ ಗೆರೆ. ಭೂಮಿಯದೇನೂ ತಪ್ಪಿಲ್ಲ.

ನನಗೆ ತುಂಬ ಹಿಡಿಸಿದ್ದು ‘ಚೊರ್ಬ’. ಕತ್ತಿಯ ಬಾಯಿ ಮುಕ್ಕಾದರೆ, ಬಟ್ಟಲಿನ ಅಂಚು ಹಾರಿದರೆ ಆ ಮುಕ್ಕಿಗೆ ಚೊರ್ಬ ಎನ್ನುತ್ತಾರೆ. ಮಾಡಿದ ಎಡವಟ್ಟನ್ನು ಸರಿಪಡಿಸಿಕೊಂಡವನನ್ನು ‘ಮುಕ್ಕನ್ನು ಸಾಣೆ ಹಿಡಿದು ತೆಗೆದ’ ಎನ್ನುತ್ತಾರೆ. ಸಾಣೆ ಹಿಡಿದರೆ ಮುಕ್ಕು ಹೋಗುತ್ತದೆ, ಜೊತೆಗೆ ಕತ್ತಿಯೂ ಒಂದಿಷ್ಟು ಸವೆಯುತ್ತದೆ. ಹಾಗೆಂದು ಎಲ್ಲ ಊನವನ್ನೂ ಅವರು ತಿದ್ದಲು ಹೋಗುವುದಿಲ್ಲ. ಬುಡಾಪೆಸ್ಟಿನ ಸಂಸತ್ ಭವನದಲ್ಲಿ 2000ದಿಂದ ಇಟ್ಟಿರುವ ಪವಿತ್ರ ಕಿರೀಟದ ನೆತ್ತಿಯ ಶಿಲುಬೆ ಏಟು ತಿಂದು ವಾಲಿಕೊಂಡಿದೆ. ಎರಡನೆಯ ಮಹಾಯುದ್ಧದ ಕೊನೆಗೆ ಅಮೆರಿಕನ್ನರ ಕೈಸೇರಿದ ಆ ಕಿರೀಟ 1978ರಲ್ಲಿ ಊರಿಗೆ ಮರಳಿತು. ಆಗಲೂ ಯಾರೂ ಶಿಲುಬೆಯನ್ನು ನೆಟ್ಟಗೆ ಮಾಡಲಿಲ್ಲ. 1990ರಲ್ಲಿ ಒಪ್ಪಿಕೊಂಡ ರಾಷ್ಟ್ರಲಾಂಛನದಲ್ಲೂ ಅದು ಓರೆಯಾಗಿಯೇ ಇದೆ.

ಈಗ ‘ಹಶದ್’ ಎಂಬ ಸೀಳಿನ ಮಾತಿಗೆ ಮರಳುತ್ತೇನೆ, ಹೇಳಬೇಕೆಂದು ಬಂದದ್ದು ಅದನ್ನೇ. ಕನ್ನಡದ ಬಿರುಕಿಗೆ ‘ಬಿರಿ’ ಎಂಬ ನೆಂಟನಿದ್ದಾನೆ. ಬರದಲ್ಲಿ ನೆಲ ಬಿರಿಯುತ್ತದೆ, ಮುಂಜಾನೆ ಮೊಗ್ಗೂ ಬಿರಿಯುತ್ತದೆ. ಹಂಗೇರಿಯನ್ನರಿಗೆ ಹಾಗೆ ಬಿರಿಯುವುದು ಬೆಳಗು. ಅರುಣೋದಯಕ್ಕೆ ಅವರ ಹೆಸರು ‘ಹಯ್ನಲ್‌ಹಶದಾಶ್’, ಅಂದರೆ ನಸುಕಿನ ಸೀಳುವಿಕೆ. 1939ರ ಆರಂಭದಲ್ಲಿ ಯುರೇನಿಯಂ ಪರಮಾಣುವಿನ ಬೀಜ ಇಬ್ಭಾಗವಾಗುವುದನ್ನು ವಿವರಿಸಿದ ಲೀಸ್ ಮೈಟ್ನರ್ ಮತ್ತು ಆಟೋ ಫ್ರಿಶ್ ಅದಕ್ಕೊಂದು ಹೆಸರು ಹುಡುಕುತ್ತಿದ್ದರು. ಜೀವಕೋಶ ಎರಡಾಗುವುದಕ್ಕೆ ಏನೆನ್ನುತ್ತೀರಿ ಎಂದು ಫ್ರಿಶ್ ಒಬ್ಬ ಅಮೆರಿಕನ್ ಜೀವವಿಜ್ಞಾನಿಯನ್ನು ಕೇಳಿದರು. ‘ಫಿಷನ್’ ಎಂಬ ಉತ್ತರ ಬಂತು. ಜೀವ ಹೆಚ್ಚುವುದಕ್ಕಿದ್ದ ಹೆಸರು ಹೀಗೆ ಬಾಂಬಿನ ಬಾಗಿಲಿಗೆ ಬಂದು ನಿಂತಿತು. ಕನ್ನಡದಲ್ಲಿ ಅದು ಬೈಜಿಕ ವಿದಳನ. ಹಂಗೇರಿಯನ್ನಿನಲ್ಲಿ ‘ಮಗ್‌ಹಶದಾಶ್’. ‘ಮಗ್’ ಎಂದರೆ ನಮ್ಮಲ್ಲಿರುವಂತೆಯೇ ಬೀಜ. ನಸುಕಿಗಿದ್ದ ಅದೇ ಸೀಳು ಈಗ ಬೀಜಕ್ಕೆ.

ಈ ಸೀಳಿನಿಂದ ಸರಪಳಿ ಕ್ರಿಯೆ ಸಾಧ್ಯವೆಂದು ಬೇಗನೆ ಕಂಡುಕೊಂಡವರಲ್ಲಿ ಒಬ್ಬರು 1898ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಲಿಯೋ ಸಿಲಾರ್ಡ್. ಸಿಲಾರ್ಡ್ ಎಂಬ ಪದಕ್ಕೆ ಅವರ ಭಾಷೆಯಲ್ಲಿ ಗಟ್ಟಿ, ಘನ ಎಂದರ್ಥ. ಅಮೆರಿಕದ ಅಧ್ಯಕ್ಷರಿಗೆ ಐನ್‌ಸ್ಟೈನ್ ಸಹಿ ಹಾಕಿದ 1939ರ ಪತ್ರದ ಹಿಂದೆ ಇದ್ದವರೂ ಇವರೇ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ, ಸೂರ್ಯ ಮೂಡುವ ಮುನ್ನ, ಸುಮಾರು ಐದೂವರೆಗೆ ಮೊದಲ ಬಾಂಬು ಸಿಡಿಯಿತು. ಮರುದಿನದ ತಾರೀಕು ಹಾಕಿದ ಒಂದು ಮನವಿಯನ್ನು ಸಿಲಾರ್ಡ್ ಷಿಕಾಗೋದಲ್ಲಿ ಸಿದ್ಧಪಡಿಸಿದರು. ಶರಣಾಗತಿಯ ಷರತ್ತುಗಳನ್ನು ಬಹಿರಂಗವಾಗಿ ತಿಳಿಸಿ, ಜಪಾನು ಅದನ್ನು ನಿರಾಕರಿಸಿದ ಹೊರತು ಇದನ್ನು ಅದರ ಮೇಲೆ ಬಳಸಬಾರದೆಂಬುದು ಅದರ ಸಾರ. ಸುಮಾರು 70 ಮಂದಿ ಸಹಿ ಹಾಕಿದರು. ಹಿರೋಷಿಮಾದ ಮೇಲೆ ಬಾಂಬು ಬಿದ್ದಾಗ ಆ ಕಾಗದ ಇನ್ನೂ ಅಧ್ಯಕ್ಷರ ಕೈಸೇರಿರಲಿಲ್ಲ.