ಹುಲ್ಲಿಗೆ ಹಾಕೋ ನೀರು ಬಳ್ಳಿಗೆ ಹಾಕೋಣ
(ತ್ಯಾವಣಿಗೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಸಾಲ, ಉಳಿತಾಯದ ಮಾತು ಬೇಡ. ಮನೆ ಸುತ್ತಲಿನ ಜಾಗದ ಬಗ್ಗೆ ಮಾತಾಡೋಣ. ಮೊದಲು ನಮ್ಮದೇ ತಪ್ಪು ಹೇಳ್ತೀನಿ.

ನಮ್ಮ ಕಾನ್ವೆಂಟಿನ ಮುಂದೆ ಹುಲ್ಲುಹಾಸು ಇತ್ತು. ದಿನಾ ನೀರು ಬಿಟ್ಟು, ಹೂ ಬಿಡೋಕೆ ಮೊದಲೇ ಕತ್ತರಿಸ್ತಿದ್ವಿ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ಅಡಿಕೆ ತೋಟ ಉಳಿಸೋಕೆ ಟ್ಯಾಂಕರ್ ನೀರು ಹಾಕಿಸಿದ ಕಷ್ಟ ನಿಮಗೇ ಗೊತ್ತು. ಆಗ ಸಂಘದ ಒಬ್ಬ ಅಜ್ಜಿ ನಮ್ಮ ಪೈಪು ನೋಡಿ, "ಸಿಸ್ಟರ್, ಈ ಹುಲ್ಲು ದನಕ್ಕೂ ಇಲ್ಲ, ಜನಕ್ಕೂ ಇಲ್ಲ. ಇದಕ್ಯಾಕೆ ನೀರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತೇ ನೀರು ನಿಲ್ಲಿಸಿದ್ವಿ. ಮಳೆ ಬಿದ್ದ ಮೇಲೆ ಹುಲ್ಲು ಅಗೆದು ಕರಿಬೇವು, ನಿಂಬೆ, ತುಳಸಿ, ದಾಸವಾಳ, ನುಗ್ಗೆ ನೆಟ್ಟೆವು. ಬೇಲಿ ಪಕ್ಕ ಸಿಹಿಗುಂಬಳದ ಬೀಜ ಹಾಕಿದೆವು. ತಾನಾಗೇ ಬಂದ ತುಂಬೆಯನ್ನು ಕೀಳಲಿಲ್ಲ.

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಪರಾಗ ಹೊತ್ತು ತರದಿದ್ದರೆ ಪೀಚು ಹಳದಿಯಾಗಿ ಉದುರುತ್ತೆ. ನಾವು "ದೃಷ್ಟಿ ಆಯ್ತು" ಅಂತೀವಿ! ತುಳಸಿ, ತುಂಬೆ ಹೂವಿಗೆ ಬಂದ ಜೇನು ಕುಂಬಳದ ಹೂವಿಗೂ ಹೋಗುತ್ತೆ. ನಮ್ಮಲ್ಲಿ ಕಾಯಿ ನಿಂತಿತು.

ಕರಿಬೇವು, ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಕಂಡರೆ ಔಷಧಿ ಹೊಡೀಬೇಡಿ. ಅದು ಚಿಟ್ಟೆಯಾಗುವ ಹುಳ. ಎಳೆಯ ಗಿಡವಾದರೆ ಎತ್ತಿ ದೊಡ್ಡ ಗಿಡಕ್ಕೆ ಬಿಡಿ.

"ನಮಗೆಲ್ಲಿ ಹುಲ್ಲುಹಾಸು ಸಿಸ್ಟರ್?" ಅಂತೀರಿ. ನಿಜ. ಆದರೆ ನಾಲ್ಕು ಜನ ಏನಂತಾರೋ ಅಂತ ಹಿತ್ತಲಲ್ಲಿ ಒಂದು ಗರಿಕೆಯೂ ಉಳಿಯದ ಹಾಗೆ ಕೆತ್ತುತ್ತೀವಲ್ಲ, ಕಳೆನಾಶಕ ಹೊಡೀತೀವಲ್ಲ, ಅದೂ ಇದೇ ತಪ್ಪು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮಕ್ಕಳು ಆಡೋ ಜಾಗದಲ್ಲಿ ಅದು ಬೇಡವೇ ಬೇಡ.

"ಗಿಡ ದಟ್ಟವಾದರೆ ಹಾವು ಬರಲ್ವಾ?" ಸರಿಯಾದ ಪ್ರಶ್ನೆ. ಬಾಗಿಲು, ಬಚ್ಚಲು, ಓಡಾಡೋ ದಾರಿ ಗುಡಿಸಿ ಇಡಿ. ಗೋಡೆಗೆ ತಾಗಿಸಿ ಸೌದೆ, ಕಲ್ಲು ಒಟ್ಟಬೇಡಿ. ರಾತ್ರಿ ಬ್ಯಾಟರಿ ಹಿಡಿದೇ ಹೊರಗೆ ಹೋಗಿ. ಗಿಡಗಳು ಬೇಲಿ ಅಂಚಿಗಿರಲಿ. ಹಕ್ಕಿಗೆ ಇಟ್ಟ ನೀರನ್ನು ದಿನಾ ಚೆಲ್ಲಿ, ಬಟ್ಟಲು ಉಜ್ಜಿ ಮತ್ತೆ ತುಂಬಿಸಿ. ಇಲ್ಲದಿದ್ದರೆ ಸೊಳ್ಳೆ ಆಗುತ್ತೆ.

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಪಾತ್ರೆ ತೊಳೆದ ನೀರು ಹರಿಯೋ ಕಡೆ ಒಂದು ಬಳ್ಳಿ, ಒಂದು ಹೂಗಿಡ ಸಾಕು. ಮುಂದಿನ ವಾರದ ಸಭೆಗೆ ಪಾಸ್‌ಬುಕ್ ಜೊತೆ ನಿಮ್ಮ ಮನೆಯ ಒಂದು ಹಿಡಿ ಬೀಜವನ್ನೂ ತನ್ನಿ. ಹಂಚಿಕೊಳ್ಳೋಣ. ಅದೂ ಉಳಿತಾಯವೇ.